ಬ್ರೂವರಿ ಧಾನ್ಯದ ಚರಟದಿಂದ ಜೈವಿಕ ಇಂಧನ: ಸಾಧ್ಯತೆ, ಮಿತಿ ಹಾಗೂ ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಪೀಠಿಕೆ

ಬಿಯರ್ ತಯಾರಿಕಾ ಘಟಕಗಳಲ್ಲಿ, ಅಂದರೆ ಬ್ರೂವರಿಗಳಲ್ಲಿ, ಧಾನ್ಯದ ಸಾರವನ್ನು ತೆಗೆದ ನಂತರ ಉಳಿಯುವ ಹಸಿ ಚರಟವನ್ನು ಜೈವಿಕ ಇಂಧನವಾಗಿ ಪರಿವರ್ತಿಸುವ ವಿಷಯವು ಇತ್ತೀಚಿನ ವರ್ಷಗಳಲ್ಲಿ ಸಾರ್ವಜನಿಕರ ಹಾಗೂ ಉದ್ಯಮಿಗಳ ಗಮನ ಸೆಳೆದಿರುತ್ತದೆ. ಇದಕ್ಕೆ ಕಾರಣಗಳು ಸ್ಪಷ್ಟವಾಗಿವೆ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಮಿಶ್ರಣವನ್ನು 2030ರೊಳಗೆ ಸಾಧಿಸುವ ಗುರಿಯನ್ನು ಹೊಂದಿತ್ತು. 2022ರ ತಿದ್ದುಪಡಿಯಲ್ಲಿ ಈ ಅವಧಿಯನ್ನು 2025-26ಕ್ಕೆ ಹಿಂದಕ್ಕೆ ತರಲಾಯಿತು ಹಾಗೂ 2025ರಲ್ಲಿ ಗುರಿಯನ್ನು ತಲುಪಲಾಯಿತು. ಇದೇ ರೀತಿ, 2018ರ ಅಕ್ಟೋಬರ್ 1ರಂದು ಆರಂಭವಾದ ಸತತ್ ಯೋಜನೆಯ ಮೂಲಕ ಸಂಕುಚಿತ ಜೈವಿಕ ಅನಿಲದ ಖರೀದಿಗೆ ತೈಲ ಕಂಪನಿಗಳು ಮುಂದೆ ಬಂದವು. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದಂತೆ, ನಗರ ಅನಿಲ ವಿತರಣೆಯಲ್ಲಿ ಈ ಅನಿಲದ ಮಿಶ್ರಣವು 2025-26ರಿಂದ ಕಡ್ಡಾಯವಾಗಿದ್ದು, ಅದರ ಪ್ರಮಾಣವನ್ನು ಮೊದಲ ವರ್ಷ ಶೇ. 1, 2026-27ರಲ್ಲಿ ಶೇ. 3, 2027-28ರಲ್ಲಿ ಶೇ. 4 ಹಾಗೂ 2028-29ರಿಂದ ಶೇ. 5 ಎಂದು ಗೊತ್ತುಪಡಿಸಲಾಗಿದೆ.

ಖರೀದಿದಾರನಿರುವ ಸರಕಿಗೆ ಕಚ್ಚಾವಸ್ತುವಿನ ಹುಡುಕಾಟ ನಡೆಯುವುದು ಸಹಜ. ಆ ಹುಡುಕಾಟದಲ್ಲಿ ಪತ್ರಿಕೆಗಳು ಹಾಗೂ ಯೋಜನಾ ವರದಿಗಳು ಬ್ರೂವರಿ ಚರಟವನ್ನು "ತ್ಯಾಜ್ಯ" ಎಂದೇ ಹೆಸರಿಸುತ್ತಿವೆ. ಆದರೆ ಈ ಚರಟಕ್ಕೆ ಬಹುಕಾಲದಿಂದಲೂ ಒಬ್ಬ ಗ್ರಾಹಕನಿದ್ದಾನೆ. ಆತ ಹಸು ಸಾಕಿದ ರೈತ. ಆದುದರಿಂದ ಇದನ್ನು ಇಂಧನವಾಗಿಸುವ ಪ್ರಶ್ನೆಯು ಕೇವಲ ತಂತ್ರಜ್ಞಾನದ ಪ್ರಶ್ನೆಯಾಗಿರದೆ, ಯಾರಿಂದ ತೆಗೆದು ಯಾರಿಗೆ ಕೊಡಲಾಗುತ್ತಿದೆ ಎಂಬ ಲೆಕ್ಕದ ಪ್ರಶ್ನೆಯೂ ಆಗಿರುತ್ತದೆ. ಘಟಕ ಸ್ಥಾಪನೆಗೆ ಅರ್ಜಿ ಸಲ್ಲಿಸಲಿಚ್ಛಿಸುವವರು, ಬ್ರೂವರಿ ಹಾಗೂ ಮೈಕ್ರೋಬ್ರೂವರಿ ಮಾಲೀಕರು, ಹೈನುಗಾರರು ಮತ್ತು ಘಟಕಗಳ ನೆರೆಹೊರೆಯ ನಿವಾಸಿಗಳು ಈ ಲೆಕ್ಕವನ್ನು ತಾವೇ ಹಾಕಿ ನೋಡಲು ಅನುಕೂಲವಾಗುವಂತೆ ಅಗತ್ಯ ಮಾಹಿತಿಯನ್ನು ಈ ಕೆಳಗೆ ನೀಡಲಾಗಿದೆ.

2. ಚರಟ ಎಂದರೇನು?

ಬಿಯರ್ ತಯಾರಿಕೆಯಲ್ಲಿ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಅಂದರೆ ಮಾಲ್ಟನ್ನು, ತರಿತರಿಯಾಗಿ ಒಡೆದು ಬಿಸಿನೀರಿನಲ್ಲಿ ನೆನೆಸಲಾಗುತ್ತದೆ. ಭಾರತದಲ್ಲಿ ಇದರೊಡನೆ ಅಕ್ಕಿ ಅಥವಾ ಮೆಕ್ಕೆಜೋಳವನ್ನೂ ಸೇರಿಸುವ ರೂಢಿ ಇದೆ. ಮೊಳಕೆಯಲ್ಲಿ ಹುಟ್ಟಿದ ಕಿಣ್ವಗಳು ಧಾನ್ಯದ ಪಿಷ್ಟವನ್ನು ಸಕ್ಕರೆಯನ್ನಾಗಿ ಮಾರ್ಪಡಿಸುತ್ತವೆ. ಸಿಹಿಯಾದ ದ್ರವವನ್ನು ಸೋಸಿ ತೆಗೆದ ಬಳಿಕ ಉಳಿಯುವ ಸಿಪ್ಪೆ ಹಾಗೂ ತರಿಯೇ ಚರಟ. ಕಾಫಿ ಡಿಕಾಕ್ಷನ್ ಇಳಿಸಿದ ಮೇಲೆ ಫಿಲ್ಟರಿನಲ್ಲಿ ಉಳಿಯುವ ಪುಡಿಯನ್ನು ಇದಕ್ಕೆ ಹೋಲಿಸಬಹುದು.

ಸಾಮಾನ್ಯವಾಗಿ 100 ಲೀಟರ್ ಬಿಯರ್ ತಯಾರಿಕೆಯಿಂದ ಸುಮಾರು 20 ಕಿಲೋಗ್ರಾಂ ಹಸಿ ಚರಟ ಉಳಿಯುತ್ತದೆ. ಬ್ರೂವರಿಯ ಉಪಉತ್ಪನ್ನಗಳಲ್ಲಿ ಸುಮಾರು ಶೇ. 85 ಭಾಗ ಇದೇ ಆಗಿರುತ್ತದೆ. ಹಸಿ ಚರಟದಲ್ಲಿ ಶೇ. 75ರಿಂದ 80 ಭಾಗ ನೀರು. ಉಳಿದ ಒಣ ಭಾಗದಲ್ಲಿ ಸುಮಾರು ಐದನೆಯ ಒಂದು ಪಾಲು ಅಥವಾ ಸ್ವಲ್ಪ ಹೆಚ್ಚು ಪ್ರೋಟೀನು ಇದ್ದು, ಬಹುಪಾಲು ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್‌ಗಳಿಂದ ಕೂಡಿದ ನಾರು ಇರುತ್ತದೆ. ಸುಲಭವಾಗಿ ಹುಳಿಯುವ ಸಕ್ಕರೆಯ ಬಹುಭಾಗವು ಬಿಯರಿನೊಡನೆ ಹೋಗಿರುತ್ತದೆ ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು.

ಮುಂದಿನ ಎಲ್ಲಾ ಲೆಕ್ಕಗಳಿಗೆ ಅನುಕೂಲವಾಗುವಂತೆ 1 ಟನ್ ಹಸಿ ಚರಟದಲ್ಲಿ 800 ಕಿಲೋಗ್ರಾಂ ನೀರು ಹಾಗೂ 200 ಕಿಲೋಗ್ರಾಂ ಒಣ ಪದಾರ್ಥ ಇದೆಯೆಂದು ಪರಿಗಣಿಸಲಾಗಿದೆ.

3. ಮೊದಲನೆಯ ಲೆಕ್ಕ: ನೀರು

ಚರಟವನ್ನು ನೇರವಾಗಿ ಬಾಯ್ಲರಿನಲ್ಲಿ ಉರಿಸುವುದು ಮೊದಲು ತೋಚುವ ಮಾರ್ಗ. ಒಣ ಚರಟದ ಶಾಖ ಮೌಲ್ಯವು ಪ್ರತಿ ಕಿಲೋಗ್ರಾಂಗೆ ಸುಮಾರು 19 ಮೆಗಾಜೂಲ್ ಆಗಿದ್ದು, ಇದು ಒಣ ಸೌದೆಗಿಂತ ಕಡಿಮೆಯಲ್ಲ. ಆ ಪ್ರಕಾರ 1 ಟನ್ ಹಸಿ ಚರಟದಲ್ಲಿರುವ 200 ಕಿಲೋಗ್ರಾಂ ಒಣ ಪದಾರ್ಥದಿಂದ ಸುಮಾರು 3,800 ಮೆಗಾಜೂಲ್ ಶಾಖ ದೊರೆಯಬೇಕು.

ಆದರೆ 800 ಕಿಲೋಗ್ರಾಂ ನೀರನ್ನು ಆವಿಯಾಗಿಸಲು ಸೈದ್ಧಾಂತಿಕವಾಗಿಯೇ 1,900 ಮೆಗಾಜೂಲ್‌ಗೂ ಹೆಚ್ಚು ಶಾಖ ಬೇಕು. ಶುಷ್ಕಯಂತ್ರದ ನಷ್ಟಗಳನ್ನು ಸೇರಿಸಿದರೆ, ಪ್ರತಿ ಕಿಲೋಗ್ರಾಂ ನೀರಿಗೆ 3 ಮೆಗಾಜೂಲ್‌ನಂತೆ, ಇದು 2,400 ಮೆಗಾಜೂಲ್ ಆಗುತ್ತದೆ. ಅಂದರೆ ಜಮೆಯ ಬದಿಯಲ್ಲಿರುವ 3,800ರಲ್ಲಿ 2,400 ಖರ್ಚಿನ ಬದಿಗೆ ಹೋಗಿ, ಉಳಿಯುವುದು 1,400 ಮಾತ್ರ. ಡೀಸೆಲ್‌ಗೆ ಹೋಲಿಸಿದರೆ ಇದು 40 ಲೀಟರ್‌ಗಿಂತ ಕಡಿಮೆ.

ಒಣಗಿಸುವ ಮೊದಲು ಯಂತ್ರದಲ್ಲಿ ಹಿಂಡಿ ತೇವಾಂಶವನ್ನು ಶೇ. 60ಕ್ಕೆ ಇಳಿಸಿದಲ್ಲಿ ಲೆಕ್ಕ ಸುಧಾರಿಸುತ್ತದೆ. ಆಗ ಆವಿಯಾಗಿಸಬೇಕಾದ ನೀರು 300 ಕಿಲೋಗ್ರಾಂ ಮಾತ್ರವಾಗಿದ್ದು, ಸುಮಾರು 2,900 ಮೆಗಾಜೂಲ್ ಉಳಿತಾಯವಾಗುತ್ತದೆ. ಆದರೆ ಹಿಂಡಿ ತೆಗೆದ 500 ಲೀಟರ್‌ನಷ್ಟು ನೀರು ಶುದ್ಧ ನೀರಲ್ಲ. ಅದರಲ್ಲಿ ಕರಗಿದ ಸಕ್ಕರೆ ಮತ್ತು ಪ್ರೋಟೀನು ಇರುವುದರಿಂದ ಸಂಸ್ಕರಿಸದೆ ಚರಂಡಿಗೆ ಅಥವಾ ಹಳ್ಳಕ್ಕೆ ಬಿಡಲಾಗದು. ಆದುದರಿಂದ ಯಾವುದೇ ಯೋಜನಾ ವರದಿಯಲ್ಲಿ ಹಿಂಡುವ ಯಂತ್ರದ ಉಲ್ಲೇಖವಿದ್ದು, ಹಿಂಡಿದ ನೀರಿನ ವಿಲೇವಾರಿಯ ಉಲ್ಲೇಖವಿಲ್ಲದಿದ್ದರೆ ಆ ವರದಿ ಅಪೂರ್ಣವೆಂದೇ ತಿಳಿಯಬೇಕು. ಇದಲ್ಲದೆ, ಪ್ರೋಟೀನಿನಲ್ಲಿರುವ ಸಾರಜನಕವು ಉರಿಯುವಾಗ ಸಾರಜನಕದ ಆಕ್ಸೈಡುಗಳನ್ನು ಉಂಟುಮಾಡುತ್ತದೆ. ಸೌದೆಯನ್ನು ಉರಿಸುವ ಸಾಧಾರಣ ಬಾಯ್ಲರು ಈ ಚರಟಕ್ಕೆ ಹೊಂದುವುದಿಲ್ಲ.

4. ಎರಡನೆಯ ಲೆಕ್ಕ: ಅನಿಲದ ಆದಾಯ ಮತ್ತು ಮೇವಿನ ಬೆಲೆ

ನೀರಿನ ಸಮಸ್ಯೆಯಿಂದ ಪಾರಾಗುವ ಮಾರ್ಗವೆಂದರೆ ಚರಟವನ್ನು ಹಸಿಯಾಗಿಯೇ ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಯಿಸಿ ಜೈವಿಕ ಅನಿಲ ಪಡೆಯುವುದು. ಗೋಬರ್ ಅನಿಲ ಸ್ಥಾವರದ ತತ್ವವೇ ಇಲ್ಲಿಯೂ ಅನ್ವಯಿಸುತ್ತದೆ. 1 ಟನ್ ಹಸಿ ಚರಟದಿಂದ ಸುಮಾರು 100 ಘನ ಮೀಟರ್ ಜೈವಿಕ ಅನಿಲ ದೊರೆಯಬಹುದಾಗಿದ್ದು, ಅದನ್ನು ಶುದ್ಧೀಕರಿಸಿ ಸಂಕುಚಿತಗೊಳಿಸಿದಾಗ ಸುಮಾರು 40 ಕಿಲೋಗ್ರಾಂ ವಾಹನ ಇಂಧನವಾಗುತ್ತದೆ.

ಸತತ್ ಯೋಜನೆಯ ಆರಂಭದಲ್ಲಿ, 2018ರಲ್ಲಿ, ತೈಲ ಕಂಪನಿಗಳ ಖರೀದಿ ದರವು ಪ್ರತಿ ಕಿಲೋಗ್ರಾಂಗೆ ತೆರಿಗೆ ಹೊರತುಪಡಿಸಿ 46 ರೂಪಾಯಿ ಇದ್ದು, 2022ರಲ್ಲಿ ಅದು 54 ರೂಪಾಯಿಗೆ ಏರಿತು. ಈ ಎರಡನೆಯ ದರದಂತೆ ಲೆಕ್ಕ ಹಾಕಿದಲ್ಲಿ 1 ಟನ್ ಚರಟದಿಂದ ಬರುವ ಅನಿಲದ ಮಾರಾಟ ಮೌಲ್ಯ 2,160 ರೂಪಾಯಿ. ಅಂದರೆ ಪ್ರತಿ ಕಿಲೋಗ್ರಾಂ ಚರಟಕ್ಕೆ ಸುಮಾರು 2 ರೂಪಾಯಿ 16 ಪೈಸೆ. ಇದು ಲಾಭವಲ್ಲ, ಒಟ್ಟು ಮಾರಾಟ. ವಿದ್ಯುತ್ತು, ಕೂಲಿ, ಸಾಗಾಣಿಕೆ, ಬಡ್ಡಿ ಮತ್ತು ಸವಕಳಿಯನ್ನು ಇದರಿಂದಲೇ ಕಳೆಯಬೇಕು. ಸಾವಯವ ಗೊಬ್ಬರದ ಮಾರಾಟಕ್ಕೆ ಪ್ರತಿ ಟನ್‌ಗೆ 1,500 ರೂಪಾಯಿಯ ನೆರವನ್ನು ಕೇಂದ್ರ ಸರ್ಕಾರವು 2023ರಲ್ಲಿ ಅನುಮೋದಿಸಿತು. ಆದರೆ 1 ಟನ್ ಚರಟದಿಂದ ಕೊನೆಗೆ ಉಳಿಯುವ ಘನ ಗೊಬ್ಬರ ಕೆಲವು ನೂರು ಕಿಲೋಗ್ರಾಂ ಮಾತ್ರವಾದುದರಿಂದ ಈ ಬಾಬ್ತು ಲೆಕ್ಕವನ್ನು ಹೆಚ್ಚಾಗಿ ಬದಲಿಸುವುದಿಲ್ಲ.

ಈಗ ಇದೇ 1 ಟನ್ ಚರಟವನ್ನು ಮೇವಾಗಿ ನೋಡಬೇಕು. ಅದರಲ್ಲಿ 40ರಿಂದ 50 ಕಿಲೋಗ್ರಾಂ ಪ್ರೋಟೀನು ಇರುತ್ತದೆ. ಇದು ಸುಮಾರು 100 ಕಿಲೋಗ್ರಾಂ ಶೇಂಗಾ ಹಿಂಡಿಯಲ್ಲಿರುವ ಪ್ರೋಟೀನಿಗೆ ಸಮ. ಹಿಂಡಿ ಮತ್ತು ಬೂಸಾದ ಬೆಲೆಯನ್ನು ಪ್ರತಿ ವಾರ ಕೊಟ್ಟು ತಿಳಿದಿರುವ ಹೈನುಗಾರನಿಗೆ ಈ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ. ಹಸಿ ಚರಟಕ್ಕೆ ರೈತನು ಕಿಲೋಗ್ರಾಂಗೆ 3 ರೂಪಾಯಿ ಕೊಡಲು ಸಿದ್ಧನಿದ್ದಾನೆಂದು ಇಟ್ಟುಕೊಂಡರೆ ಬ್ರೂವರಿಗೆ ಟನ್‌ಗೆ 3,000 ರೂಪಾಯಿ ಬರುತ್ತದೆ. ಯಾವ ಯಂತ್ರವೂ ಇಲ್ಲದೆ, ಯಾವ ಬಂಡವಾಳವೂ ಇಲ್ಲದೆ ಬರುವ ಈ ಮೊತ್ತವು ಅನಿಲ ಘಟಕದ ಒಟ್ಟು ಮಾರಾಟಕ್ಕಿಂತ ಹೆಚ್ಚು. ಸ್ಥಳೀಯ ದರ ಬೇರೆಯಿದ್ದಲ್ಲಿ ಅರ್ಜಿದಾರರು ಆ ದರವನ್ನೇ ಹಾಕಿ ನೋಡತಕ್ಕದ್ದು. ಚರಟವನ್ನು ಕಿಲೋಗ್ರಾಂಗೆ 2 ರೂಪಾಯಿಗಿಂತ ಹೆಚ್ಚು ಕೊಟ್ಟು ಕೊಳ್ಳಬೇಕಾದ ಕಡೆ, ಕೇವಲ ಚರಟವನ್ನೇ ನಂಬಿದ ಅನಿಲ ಘಟಕ ಈ ದರಗಳಲ್ಲಿ ನಿಲ್ಲುವುದು ಕಷ್ಟ.

ಚರಟವನ್ನು ಮೇವಾಗಿ ಬಳಸಿದಾಗ ಇಂಧನ ಸಂಪೂರ್ಣವಾಗಿ ಕೈತಪ್ಪುತ್ತದೆ ಎಂಬ ಭಾವನೆಯೂ ಸರಿಯಲ್ಲ. ಹಸು ಅರಗಿಸಿಕೊಳ್ಳದ ನಾರಿನ ಭಾಗವು ಸಗಣಿಯಲ್ಲಿ ಉಳಿಯುತ್ತದೆ. ಸುಮಾರು 25 ಕಿಲೋಗ್ರಾಂ ಸಗಣಿಯಿಂದ 1 ಘನ ಮೀಟರ್ ಅನಿಲ ದೊರೆಯುವುದರಿಂದ, 2 ಘನ ಮೀಟರ್‌ನ ಮನೆಯ ಸ್ಥಾವರಕ್ಕೆ ನಾಲ್ಕೈದು ಜಾನುವಾರುಗಳ ಸಗಣಿ ಸಾಕು. ಹೀಗೆ ಒಂದೇ ಚರಟವು ಮೊದಲು ಹಾಲಿನ ಖಾತೆಗೂ ನಂತರ ಅಡುಗೆ ಅನಿಲದ ಖಾತೆಗೂ, ಕೊನೆಗೆ ಬಗ್ಗಡವಾಗಿ ಹೊಲದ ಖಾತೆಗೂ ಜಮೆಯಾಗುತ್ತದೆ. ನೇರವಾಗಿ ಅನಿಲ ಘಟಕಕ್ಕೆ ಹೋದ ಚರಟದಲ್ಲಿ ಹಾಲಿನ ಖಾತೆ ಇರುವುದಿಲ್ಲ.

5. ಮೂರನೆಯ ಲೆಕ್ಕ: ಪರಿಮಾಣ, ಋತು ಮತ್ತು ದೂರ

ದಿನಕ್ಕೆ 2 ಟನ್ ಸಂಕುಚಿತ ಅನಿಲ ಉತ್ಪಾದಿಸುವ ಘಟಕವೊಂದನ್ನು ಚರಟದಿಂದಲೇ ನಡೆಸಬೇಕಾದರೆ ದಿನಕ್ಕೆ 50 ಟನ್ ಹಸಿ ಚರಟ ಬೇಕು. ಅಷ್ಟು ಚರಟ ಉಳಿಯಲು ದಿನಕ್ಕೆ 2.5 ಲಕ್ಷ ಲೀಟರ್ ಬಿಯರ್ ತಯಾರಾಗಬೇಕು. ದೊಡ್ಡ ಬ್ರೂವರಿಯೊಂದರ ಪೂರ್ತಿ ಚರಟವನ್ನು ವರ್ಷವಿಡೀ ಪಡೆದರೆ ಮಾತ್ರ ಇದು ಸಾಧ್ಯ.

ವರ್ಷವಿಡೀ ಒಂದೇ ಪ್ರಮಾಣದಲ್ಲಿ ಚರಟ ಸಿಗುವುದೂ ಇಲ್ಲ. ಬಿಯರಿನ ಬೇಡಿಕೆ ಬೇಸಿಗೆಯಲ್ಲಿ ಏರಿ ಮಳೆಗಾಲದಲ್ಲಿ ಇಳಿಯುತ್ತದೆ. ಜೈವಿಕ ಅನಿಲದ ತೊಟ್ಟಿಯಲ್ಲಿರುವ ಸೂಕ್ಷ್ಮಜೀವಿಗಳಿಗೆ ಪ್ರತಿದಿನ ಸಮನಾದ ಆಹಾರ ಬೇಕು. ಏರಿಳಿತವಾದರೆ ಅನಿಲ ಉತ್ಪಾದನೆ ಕುಸಿಯುತ್ತದೆ. ಅದೇ ವೇಳೆಗೆ, ಚರಟ ಹೆಚ್ಚಾಗಿ ಸಿಗುವ ಮಾರ್ಚ್‌ನಿಂದ ಮೇ ತಿಂಗಳವರೆಗಿನ ಅವಧಿಯೇ ರಾಜ್ಯದ ಬಯಲುಸೀಮೆಯಲ್ಲಿ ಹಸಿರು ಮೇವು ತೀರಾ ಕಡಿಮೆಯಿರುವ ಅವಧಿ. ರೈತನಿಗೆ ಅತ್ಯಂತ ಅಗತ್ಯವಿರುವ ದಿನಗಳಲ್ಲೇ ಚರಟವು ಅನಿಲ ಘಟಕದ ಪಾಲಾದರೆ ಅದರ ಪರಿಣಾಮ ಹಾಲಿನ ಡೈರಿಯಲ್ಲಿ ಕಾಣಿಸಿಕೊಳ್ಳುತ್ತದೆ. 2024ರ ಜೂನ್‌ನಲ್ಲಿ ಕರ್ನಾಟಕ ಹಾಲು ಮಹಾಮಂಡಳದ ದೈನಂದಿನ ಹಾಲು ಸಂಗ್ರಹಣೆ 1 ಕೋಟಿ ಲೀಟರ್ ಮುಟ್ಟಿತು. ಇಂತಹ ರಾಜ್ಯದಲ್ಲಿ ಪ್ರೋಟೀನುಯುಕ್ತ ಮೇವಿನ ಯಾವ ಮೂಲವನ್ನೂ ಹಗುರವಾಗಿ ಪರಿಗಣಿಸುವಂತಿಲ್ಲ.

ದೂರದ ವಿಷಯದಲ್ಲಿ ಮೇವಿಗೂ ಇಂಧನಕ್ಕೂ ಒಂದೇ ಕಟ್ಟಳೆ ಅನ್ವಯಿಸುತ್ತದೆ. 1 ಟನ್ ಚರಟವನ್ನು ಸಾಗಿಸುವಾಗ 800 ಕಿಲೋಗ್ರಾಂ ನೀರಿಗೂ ಬಾಡಿಗೆ ತೆರಬೇಕು. ಇದಲ್ಲದೆ ಹಸಿ ಚರಟ ನಮ್ಮ ಹವೆಯಲ್ಲಿ ಎರಡು ಮೂರು ದಿನಗಳಲ್ಲಿ ಹುಳಿತು ಕೆಡಲಾರಂಭಿಸುತ್ತದೆ. ಆದುದರಿಂದ ಎಂತಹ ಯೋಜನೆಯೇ ಆಗಲಿ, ಬ್ರೂವರಿಯ ಸಮೀಪದಲ್ಲಿದ್ದರೆ ಮಾತ್ರ ಪ್ರಯೋಜನಕಾರಿ.

6. ಇತರ ದೇಶಗಳ ಅನುಭವ

ಚರಟದಿಂದ ಇಂಧನ ಪಡೆದ ಯಶಸ್ವಿ ಪ್ರಕರಣಗಳು ಇಲ್ಲದಿಲ್ಲ. ಆದರೆ ಅವು ಯಾವ ಪರಿಸ್ಥಿತಿಯಲ್ಲಿ ಯಶಸ್ವಿಯಾದವು ಎಂಬುದನ್ನು ನೋಡುವುದು ಅಗತ್ಯ.

ಅ) ಅಮೆರಿಕದ ಅಲಾಸ್ಕ ರಾಜ್ಯದ ಜುನೋ ನಗರದಲ್ಲಿ 1986ರಲ್ಲಿ ಸ್ಥಾಪನೆಯಾದ ಅಲಾಸ್ಕನ್ ಬ್ರೂಯಿಂಗ್ ಕಂಪನಿಯು ತನ್ನ ಚರಟವನ್ನೇ ಉರಿಸಿ ಹಬೆ ಉತ್ಪಾದಿಸುವ ವಿಶೇಷ ಬಾಯ್ಲರನ್ನು ಸುಮಾರು 18 ಲಕ್ಷ ಡಾಲರ್ ವೆಚ್ಚದಲ್ಲಿ ಅಳವಡಿಸಿತು. ಇದಕ್ಕೆ ಅಲ್ಲಿನ ಕೇಂದ್ರ ಸರ್ಕಾರದಿಂದ ಸುಮಾರು 4.5 ಲಕ್ಷ ಡಾಲರ್ ಸಹಾಯಧನ ದೊರೆಯಿತು. 2013ರ ವೇಳೆಗೆ ಕಾರ್ಯಾರಂಭವಾದ ಈ ವ್ಯವಸ್ಥೆಯಿಂದ ತೈಲದ ಬಳಕೆ ಅರ್ಧಕ್ಕಿಂತ ಹೆಚ್ಚು ತಗ್ಗುವ ನಿರೀಕ್ಷೆ ಇತ್ತು. ಆದರೆ ಜುನೋ ನಗರಕ್ಕೆ ಹೊರಗಿನಿಂದ ರಸ್ತೆ ಸಂಪರ್ಕವಿಲ್ಲ. ಹಡಗು ಅಥವಾ ವಿಮಾನದಲ್ಲೇ ಹೋಗಬೇಕು. ಸುತ್ತಮುತ್ತ ಚರಟ ಕೊಳ್ಳುವಷ್ಟು ದನಗಳಿಲ್ಲ. ಹೀಗಾಗಿ ಕಂಪನಿಯು ಅದಕ್ಕೂ ಮೊದಲು ಚರಟವನ್ನು ಒಣಗಿಸಿ ಹಡಗಿನಲ್ಲಿ ದಕ್ಷಿಣದ ರಾಜ್ಯಗಳಿಗೆ ಮೇವಾಗಿ ಕಳುಹಿಸುತ್ತಿತ್ತು. ಹಸು ದೂರವಿದ್ದುದೇ ಅಲ್ಲಿ ಬಾಯ್ಲರನ್ನು ಲಾಭಕರವಾಗಿಸಿತು.

ಆ) ಆಸ್ಟ್ರಿಯಾದ ಲಿಯೋಬೆನ್ ನಗರದಲ್ಲಿರುವ ಗೋಸ್ ಬ್ರೂವರಿಯು ಚರಟದಿಂದ ಜೈವಿಕ ಅನಿಲ ಪಡೆದು ಹಬೆಗಾಗಿ ಬಳಸುತ್ತಿದ್ದು, 2016ರ ವೇಳೆಗೆ ಪಳೆಯುಳಿಕೆ ಇಂಧನವಿಲ್ಲದೆ ನಡೆಯುವ ದೊಡ್ಡ ಬ್ರೂವರಿಯೆಂದು ಹೆಸರಾಯಿತು. ಇಲ್ಲಿಯೂ ಚರಟ ಒಂದೇ ಆಧಾರವಲ್ಲ. ಸಮೀಪದ ಮರದ ಕಾರ್ಖಾನೆಯ ಹೆಚ್ಚುವರಿ ಶಾಖ, ಸೌರ ಶಾಖ ಮತ್ತು ಜಲವಿದ್ಯುತ್ತುಗಳನ್ನು ಒಟ್ಟುಗೂಡಿಸಿದ್ದರಿಂದ ಈ ಸಾಧನೆ ಸಾಧ್ಯವಾಯಿತು.

ಇ) ಸ್ಕಾಟ್ಲೆಂಡಿನಲ್ಲಿ ವಿಸ್ಕಿ ತಯಾರಿಕೆಯಿಂದ ಉಳಿಯುವ ಚರಟವೂ ಬಾರ್ಲಿಯದೇ ಆಗಿದ್ದು, ಅದನ್ನು ಮರದ ಚಕ್ಕೆಗಳೊಡನೆ ಉರಿಸಿ ವಿದ್ಯುತ್ ಉತ್ಪಾದಿಸುವ ಘಟಕವು 2013ರಲ್ಲಿ ರೋಥಿಸ್ ಎಂಬಲ್ಲಿ ಉದ್ಘಾಟನೆಯಾಯಿತು. ಇಂತಹ ಘಟಕಗಳಿಂದ ದನ ಸಾಕುವವರಿಗೆ ಚರಟದ ಅಭಾವ ಉಂಟಾಗುವುದೇ ಎಂಬ ಆತಂಕ ಅಲ್ಲಿನ ಪಶುಪಾಲಕರಲ್ಲಿ ಮೂಡಿದ್ದರಿಂದ, 2012ರಲ್ಲಿ ಸ್ಕಾಟ್ಲೆಂಡ್ ಸರ್ಕಾರಕ್ಕಾಗಿ ಈ ಕುರಿತು ಪ್ರತ್ಯೇಕ ಆರ್ಥಿಕ ಅಧ್ಯಯನವನ್ನೇ ಸಿದ್ಧಪಡಿಸಲಾಯಿತು. ಬಾಯ್ಲರ್ ಹೊತ್ತಿಸುವ ಮೊದಲು ಕೊಟ್ಟಿಗೆಯ ಕಡೆ ನೋಡಿದ ಈ ಕ್ರಮವು ಅನುಸರಿಸಲು ಯೋಗ್ಯವಾಗಿದೆ.

7. ಎಥೆನಾಲ್ ಕುರಿತ ತಪ್ಪು ತಿಳಿವಳಿಕೆ

ಬಿಯರ್ ಘಟಕದ ಉಳಿಕೆಯಿಂದ ಸುಲಭವಾಗಿ ಎಥೆನಾಲ್ ಪಡೆಯಬಹುದೆಂಬ ಪ್ರಚಾರವಿದೆ. ಈ ಸಂಬಂಧ ಮೂರು ಬೇರೆ ಬೇರೆ ವಸ್ತುಗಳನ್ನು ಬೆರೆಸಿ ಹೇಳಲಾಗುತ್ತಿದೆ.

ಮೊದಲನೆಯದು ಯೀಸ್ಟ್ ಗಸಿ. ಹುದುಗಿದ ಬಿಯರಿನ ತಳದಲ್ಲಿ ಕೂರುವ ಈ ಗಸಿಯಲ್ಲಿ ಆಲ್ಕೋಹಾಲ್ ಆಗಲೇ ಇರುವುದರಿಂದ ಬಟ್ಟಿ ಇಳಿಸಿ ತೆಗೆಯಬಹುದು. 2015ರಲ್ಲಿ ನ್ಯೂಜಿಲೆಂಡಿನಲ್ಲಿ ಬ್ರೂಟ್ರೋಲಿಯಂ ಎಂಬ ಹೆಸರಿನಲ್ಲಿ ಮಾರಾಟವಾದ ಪೆಟ್ರೋಲಿನಲ್ಲಿ ಇಂತಹ ಗಸಿಯಿಂದ ತೆಗೆದ ಎಥೆನಾಲನ್ನು ಶೇ. 10ರಷ್ಟು ಬೆರೆಸಲಾಗಿತ್ತು. ಇದಕ್ಕಾಗಿ ಸುಮಾರು 30 ಸಾವಿರ ಲೀಟರ್ ಎಥೆನಾಲ್ ಬಳಕೆಯಾಯಿತು. ಇದು ಚರಟದಿಂದ ಬಂದ ಇಂಧನವಲ್ಲ.

ಎರಡನೆಯದು ಧಾನ್ಯದಿಂದಲೇ ಎಥೆನಾಲ್ ತಯಾರಿಸುವ ಡಿಸ್ಟಿಲರಿ. ಇಲ್ಲಿ ಮೆಕ್ಕೆಜೋಳ ಅಥವಾ ನುಚ್ಚಕ್ಕಿಯ ಪಿಷ್ಟವೇ ಇಂಧನವಾಗುತ್ತದೆ. ಉಳಿಕೆಯನ್ನು ಒಣಗಿಸಿ ಪಶು ಹಾಗೂ ಕೋಳಿ ಆಹಾರವಾಗಿ ಮಾರಲಾಗುತ್ತದೆ.

ಮೂರನೆಯದು ಚರಟದ ನಾರಿನಿಂದ ಎಥೆನಾಲ್. ಇದರಲ್ಲಿ ಪಿಷ್ಟ ಬಹುತೇಕ ಉಳಿದಿರುವುದಿಲ್ಲವಾದುದರಿಂದ ನಾರನ್ನು ಆಮ್ಲ, ಹಬೆ ಮತ್ತು ಕಿಣ್ವಗಳಿಂದ ಒಡೆದು ಸಕ್ಕರೆ ಮಾಡಿಕೊಳ್ಳಬೇಕು. 2022ರ ಆಗಸ್ಟ್ 10ರಂದು ಹರಿಯಾಣದ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ ಇಂತಹ ಎರಡನೆಯ ತಲೆಮಾರಿನ ಘಟಕ ಉದ್ಘಾಟನೆಯಾಯಿತು. ವರ್ಷಕ್ಕೆ ಸುಮಾರು 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ಎಥೆನಾಲ್ ಪಡೆಯುವ ಉದ್ದೇಶದ ಈ ಘಟಕಕ್ಕೆ 900 ಕೋಟಿ ರೂಪಾಯಿಗೂ ಹೆಚ್ಚು ವೆಚ್ಚವಾಗಿದೆ. ನಾರಿನಿಂದ ಎಥೆನಾಲ್ ತೆಗೆಯುವುದು ಸಣ್ಣ ಬಂಡವಾಳದ ಉದ್ಯಮವಲ್ಲವೆಂಬುದಕ್ಕೆ ಈ ಅಂಕಿಗಳೇ ಸಾಕ್ಷಿ.

ಸ್ಕಾಟ್ಲೆಂಡಿನ ಸೆಲ್ಟಿಕ್ ರಿನ್ಯೂವಬಲ್ಸ್ ಸಂಸ್ಥೆಯು ಎಡಿನ್‌ಬರೋ ನೇಪಿಯರ್ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಟಿನ್ ಟ್ಯಾಂಗ್ನಿಯವರ ಸಂಶೋಧನೆಯ ಆಧಾರದ ಮೇಲೆ ವಿಸ್ಕಿ ಉಳಿಕೆಗಳಿಂದ ಬ್ಯುಟನಾಲ್ ಎಂಬ ಬೇರೊಂದು ಇಂಧನವನ್ನು ತಯಾರಿಸಿ, 2017ರಲ್ಲಿ ಅದರಿಂದ ಕಾರನ್ನು ಓಡಿಸಿ ತೋರಿಸಿತು. ಈ ಸಾಧನೆಯ ಹಿಂದೆ ವಿಶ್ವವಿದ್ಯಾಲಯದ ಸಂಶೋಧನೆ ಮತ್ತು ಸರ್ಕಾರದ ದೊಡ್ಡ ಮೊತ್ತದ ಅನುದಾನ ಇದ್ದುದನ್ನು ಮರೆಯಬಾರದು.

8. ಇಂಧನ ಮಾಡುವುದು ಸೂಕ್ತವಾಗುವ ಸಂದರ್ಭಗಳು

ಮೇಲ್ಕಂಡ ವಿಶ್ಲೇಷಣೆಯ ಅರ್ಥ ಚರಟದಿಂದ ಇಂಧನ ತಯಾರಿಸಲೇಬಾರದು ಎಂದಲ್ಲ. ಈ ಕೆಳಕಂಡ ಸಂದರ್ಭಗಳಲ್ಲಿ ಅದು ಸೂಕ್ತ ಮಾತ್ರವಲ್ಲ, ಅಗತ್ಯವೂ ಹೌದು.

ಅ) ಕೆಟ್ಟ ಚರಟ: ಬೂಷ್ಟು ಹಿಡಿದ ಚರಟವನ್ನು ಹಸುವಿಗೆ ತಿನ್ನಿಸಬಾರದು. ಶಿಲೀಂಧ್ರಗಳ ವಿಷವು ಜಾನುವಾರಿಗೆ ಅಪಾಯಕಾರಿಯಾಗಿರುವುದಲ್ಲದೆ, ಅಫ್ಲಾಟಾಕ್ಸಿನ್ ಎಂಬ ವಿಷದ ಅಂಶ ಹಾಲಿಗೂ ಇಳಿಯುತ್ತದೆ. ಹಾಲಿನಲ್ಲಿ ಇದರ ಮಿತಿಯನ್ನು ಕಿಲೋಗ್ರಾಂಗೆ 0.5 ಮೈಕ್ರೋಗ್ರಾಂ ಎಂದು ಆಹಾರ ಸುರಕ್ಷತಾ ಮಾನದಂಡಗಳಲ್ಲಿ ನಿಗದಿಪಡಿಸಲಾಗಿದೆ. ಹಳಸಿದ ಚರಟವನ್ನು ಅಗ್ಗದ ದರಕ್ಕೆ ಮೇವಾಗಿ ಮಾರುವ ಬದಲು ಅನಿಲ ಘಟಕಕ್ಕೆ ಕಳುಹಿಸುವುದೇ ಸರಿಯಾದ ಮಾರ್ಗ.

ಆ) ನಗರದೊಳಗಿನ ಮೈಕ್ರೋಬ್ರೂವರಿಗಳು: ಒಂದು ಬಾರಿಗೆ 1,000 ಲೀಟರ್ ತಯಾರಿಸುವ ಮೈಕ್ರೋಬ್ರೂವರಿಯಲ್ಲಿ ಸುಮಾರು 200 ಕಿಲೋಗ್ರಾಂ ಹಸಿ ಚರಟ ಉಳಿಯುತ್ತದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ದಿನಕ್ಕೆ ಸರಾಸರಿ 100 ಕಿಲೋಗ್ರಾಂಗಿಂತ ಹೆಚ್ಚು ತ್ಯಾಜ್ಯ ಉತ್ಪಾದಿಸುವವರನ್ನು ಸಗಟು ಉತ್ಪಾದಕರೆಂದು ವರ್ಗೀಕರಿಸಿ ಹೊಣೆಗಾರಿಕೆಯನ್ನು ವಿಧಿಸಿದವು. ಪ್ರತಿದಿನ ಬಂದು ಒಯ್ಯುವ ಹೈನುಗಾರರು ದೊರೆಯದ ಕಡೆ, ಅಡುಗೆಮನೆಯ ಹಸಿ ಕಸದೊಡನೆ ಚರಟವನ್ನೂ ಸೇರಿಸಿ ಸಣ್ಣ ಅನಿಲ ಸ್ಥಾವರ ನಡೆಸುವುದು ಉಪಯುಕ್ತ.

ಇ) ಮಿಶ್ರ ಕಚ್ಚಾವಸ್ತು: ಚರಟವೊಂದನ್ನೇ ತೊಟ್ಟಿಗೆ ಹಾಕಿದರೆ ಅದರ ಪ್ರೋಟೀನಿನಿಂದ ಅಮೋನಿಯಾ ಹೆಚ್ಚಿ ಅನಿಲ ಉತ್ಪಾದನೆ ಕುಂಠಿತವಾಗುವ ಸಂಭವವಿದೆ. ಸಗಣಿ, ಸಕ್ಕರೆ ಕಾರ್ಖಾನೆಯ ಮಡ್ಡಿ, ತರಕಾರಿ ಮಾರುಕಟ್ಟೆಯ ಕಸ ಮುಂತಾದವುಗಳೊಡನೆ ಚರಟವನ್ನು ಒಂದು ಪಾಲಾಗಿ ಬಳಸುವ ಘಟಕ ಹೆಚ್ಚು ಸ್ಥಿರ.

ಈ) ಬ್ರೂವರಿಯ ತ್ಯಾಜ್ಯ ನೀರು: ಇದು ಯಾರ ಮೇವೂ ಅಲ್ಲ. ಗಾಳಿಯಾಡದ ಸಂಸ್ಕರಣಾ ತೊಟ್ಟಿಯಲ್ಲಿ ಈ ನೀರಿನಿಂದ ಅನಿಲ ಪಡೆದು ಬಾಯ್ಲರಿಗೆ ಬಳಸಬಹುದಾಗಿದ್ದು, ಚರಟಕ್ಕೆ ಕೈಹಾಕುವ ಮೊದಲು ಪ್ರತಿಯೊಂದು ಬ್ರೂವರಿಯೂ ಪರಿಶೀಲಿಸಬೇಕಾದ ಮೂಲ ಇದಾಗಿರುತ್ತದೆ.

ಸಂಕ್ಷಿಪ್ತವಾಗಿ ಹೇಳುವುದಾದರೆ, ತಾಜಾ ಚರಟ ಕೊಟ್ಟಿಗೆಗೆ, ಕೆಟ್ಟ ಚರಟ ಹಾಗೂ ತ್ಯಾಜ್ಯ ನೀರು ಅನಿಲದ ತೊಟ್ಟಿಗೆ ಎಂಬುದು ಲೆಕ್ಕಕ್ಕೂ ನ್ಯಾಯಕ್ಕೂ ಒಪ್ಪುವ ಕ್ರಮ.

9. ಅರ್ಜಿ ಸಲ್ಲಿಸುವ ಮುನ್ನ ಗಮನಿಸಬೇಕಾದ ಅಂಶಗಳು

ಘಟಕ ಸ್ಥಾಪಿಸಲಿಚ್ಛಿಸುವವರು:

(1) ಚರಟ ಪೂರೈಸುವ ಬ್ರೂವರಿಯೊಡನೆ ಲಿಖಿತ ಒಪ್ಪಂದ ಮಾಡಿಕೊಂಡು, ತಿಂಗಳುವಾರು ಪ್ರಮಾಣವನ್ನು ಅದರಲ್ಲಿ ನಮೂದಿಸಿಕೊಳ್ಳತಕ್ಕದ್ದು. ವಾರ್ಷಿಕ ಸರಾಸರಿ ಸಾಲದು.

(2) ಆ ಚರಟವನ್ನು ಈವರೆಗೆ ಒಯ್ಯುತ್ತಿದ್ದವರು ಯಾರು ಮತ್ತು ಯಾವ ದರಕ್ಕೆ ಎಂಬುದನ್ನು ವಿಚಾರಿಸಿ, ಆ ದರವನ್ನೇ ಕಚ್ಚಾವಸ್ತುವಿನ ಬೆಲೆಯಾಗಿ ಯೋಜನಾ ವರದಿಯಲ್ಲಿ ತೋರಿಸತಕ್ಕದ್ದು. "ಉಚಿತ" ಎಂದು ತೋರಿಸಿದ ವರದಿಗಳು ಎರಡನೆಯ ವರ್ಷವೇ ತಪ್ಪಾಗುವ ಸಂಭವವಿರುತ್ತದೆ.

(3) 1974ರ ಜಲ ಅಧಿನಿಯಮ ಹಾಗೂ 1981ರ ವಾಯು ಅಧಿನಿಯಮಗಳ ಮೇರೆಗೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಅಗತ್ಯವಿರುವ ಸಮ್ಮತಿಗಳನ್ನು ನಿರ್ಮಾಣಕ್ಕೆ ಮೊದಲೇ ವಿಚಾರಿಸಿಕೊಳ್ಳತಕ್ಕದ್ದು.

(4) ಅನಿಲವನ್ನು ಸಂಕುಚಿತಗೊಳಿಸಿ ಸಂಗ್ರಹಿಸುವುದಾದಲ್ಲಿ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ ಪರವಾನಗಿ, ಹಬೆ ಬಾಯ್ಲರ್ ಅಳವಡಿಸುವುದಾದಲ್ಲಿ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಯ ನೋಂದಣಿ, ಆಲ್ಕೋಹಾಲ್ ತಯಾರಿಸುವುದಾದಲ್ಲಿ 1965ರ ಕರ್ನಾಟಕ ಅಬಕಾರಿ ಅಧಿನಿಯಮದ ಮೇರೆಗೆ ಪರವಾನಗಿಯ ಬಗ್ಗೆ ಆಯಾ ಕಚೇರಿಗಳಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.

(5) ಜೈವಿಕ ಅನಿಲ ಘಟಕಗಳ ನೋಂದಣಿಗಾಗಿ ಕೇಂದ್ರ ಸರ್ಕಾರವು 2023ರಲ್ಲಿ ಗೋಬರ್‌ಧನ್ ಏಕೀಕೃತ ಪೋರ್ಟಲನ್ನು ಆರಂಭಿಸಿತು. ಸಹಾಯಧನದ ಯೋಜನೆಗಳಿಗೆ ನಿಗದಿತ ಅವಧಿ ಇರುವುದರಿಂದ, ಹಳೆಯ ಸುತ್ತೋಲೆಯನ್ನು ನಂಬಿ ಬಂಡವಾಳ ಹೂಡದೆ, ಅರ್ಜಿಯ ದಿನಾಂಕದಂದು ಜಾರಿಯಲ್ಲಿರುವ ಆದೇಶವನ್ನು ನೋಡತಕ್ಕದ್ದು.

ಹೈನುಗಾರರು:

(1) ಚರಟವನ್ನು ತಾಜಾ ಇರುವಾಗಲೇ ಒಯ್ದು ಎರಡು ಮೂರು ದಿನಗಳೊಳಗೆ ಬಳಸಬೇಕು. ಹೆಚ್ಚು ದಿನ ಇಡಬೇಕಾದಲ್ಲಿ ಗಾಳಿಯಾಡದಂತೆ ಒತ್ತಿ ರಸಮೇವಿನ ಮಾದರಿಯಲ್ಲಿ ಮುಚ್ಚಿಡಬೇಕು.

(2) ಚರಟವು ಪೂರ್ಣ ಆಹಾರವಲ್ಲ. ಒಣಹುಲ್ಲು, ಹಸಿರು ಮೇವು ಹಾಗೂ ಖನಿಜ ಮಿಶ್ರಣದೊಡನೆ ಎಷ್ಟು ಕೊಡಬೇಕೆಂಬುದನ್ನು ಪಶುವೈದ್ಯರಲ್ಲಿ ಕೇಳಿ ತಿಳಿಯಬೇಕು.

(3) ಬಿಡಿಬಿಡಿಯಾಗಿ ಕೊಳ್ಳುವ ರೈತನಿಗೆ ಬ್ರೂವರಿಯೊಡನೆ ನೇರ ಒಪ್ಪಂದ ಕಷ್ಟಸಾಧ್ಯ. ಗ್ರಾಮದ ಹಾಲು ಉತ್ಪಾದಕರ ಸಂಘದ ಮೂಲಕ ಒಟ್ಟಾಗಿ ಬೇಡಿಕೆ ಸಲ್ಲಿಸಿದಲ್ಲಿ, ದೊಡ್ಡ ಘಟಕವೊಂದು ದೀರ್ಘಾವಧಿಯ ಒಪ್ಪಂದಕ್ಕೆ ಮುಂದಾದಾಗ ರೈತರ ಕಡೆಯಿಂದಲೂ ಒಂದು ದರಪಟ್ಟಿ ಬ್ರೂವರಿಯ ಮೇಜಿನ ಮೇಲಿರುತ್ತದೆ.

ನೆರೆಹೊರೆಯ ನಿವಾಸಿಗಳು:

ದುರ್ವಾಸನೆ, ನೊಣಗಳ ಹಾವಳಿ ಹಾಗೂ ಹಿಂಡಿದ ನೀರಿನ ಹರಿವು ಚರಟ ಸಂಗ್ರಹಣೆಯಲ್ಲಿನ ಲೋಪದ ಲಕ್ಷಣಗಳು. ಇಂತಹ ಸಂದರ್ಭದಲ್ಲಿ ಸ್ಥಳ ಮತ್ತು ದಿನಾಂಕ ನಮೂದಿಸಿ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಸಲ್ಲಿಸಬಹುದು.

10. ಸಮಾರೋಪ

ಜೈವಿಕ ಇಂಧನದ ವಿಷಯದಲ್ಲಿ ಕರ್ನಾಟಕ ಹೊಸದಾಗಿ ಹೆಜ್ಜೆ ಇಡುತ್ತಿಲ್ಲ. 2009ರ ರಾಜ್ಯ ಜೈವಿಕ ಇಂಧನ ನೀತಿ ಹಾಗೂ ಹೊಂಗೆ, ಬೇವು, ಹಿಪ್ಪೆ ಮುಂತಾದ ಮರಗಳನ್ನು ಬೆಳೆಸುವ "ಬರಡು ಬಂಗಾರ", "ಹಸಿರು ಹೊನ್ನು" ಕಾರ್ಯಕ್ರಮಗಳ ಹಿಂದೆ, ಊಟದ ಧಾನ್ಯಕ್ಕೂ ದನದ ಮೇವಿಗೂ ಪೈಪೋಟಿ ನೀಡದ ಮೂಲಗಳಿಂದ ಇಂಧನ ಪಡೆಯುವ ಆಲೋಚನೆ ಇತ್ತು. ಬ್ರೂವರಿ ಚರಟದ ವಿಷಯದಲ್ಲಿಯೂ ಅದೇ ಅಳತೆಗೋಲನ್ನು ಬಳಸಿದರೆ ಉತ್ತರ ಕಠಿಣವಾಗಿಲ್ಲ. ತ್ಯಾಜ್ಯವೆಂಬ ಹೆಸರು ಒಂದು ವಸ್ತುವಿಗೆ ಅಂಟುವುದು ಅದಕ್ಕೆ ಬೆಲೆ ಕೊಡುವವರು ಯಾರೂ ಇಲ್ಲದಾಗ ಮಾತ್ರ. ಎರಡು ಹಸು ಕಟ್ಟಿಕೊಂಡು, ದಿನ ಬಿಟ್ಟು ದಿನ ಡ್ರಮ್ಮಿನಲ್ಲಿ ಚರಟ ಒಯ್ಯುವ ರೈತನು ಆ ಬೆಲೆಯನ್ನು ಆಗಲೇ ಕೊಡುತ್ತಿದ್ದಾನೆ. ಆತನ ಲೆಕ್ಕವನ್ನೂ ಸೇರಿಸಿ ತಯಾರಿಸಿದ ಯೋಜನಾ ವರದಿಯು ಅರ್ಜಿದಾರನ ಬಂಡವಾಳವನ್ನೂ ಕಾಪಾಡುತ್ತದೆ.